ಲಗ್ಗೆರೆಯ ಎರಡನೇ ಜ್ವರ

ನಿರ್ದೇಶಕ ಡಾಕ್ಟರ್ ಹರ್ಷವರ್ಧನ್ ಕೊನೆಯ ಸಲ ಪ್ರಯೋಗಾಲಯದಲ್ಲಿ ಕೆಲಸ ಮಾಡಿದ್ದು ಯಾವಾಗ ಎಂದು ಎಲೆಕ್ಟ್ರಾನಿಕ್ ಸಿಟಿಯ ಆ ಸಂಶೋಧನಾ ಸಂಸ್ಥೆಯಲ್ಲಿ ಯಾರಿಗೂ ನೆನಪಿರಲಿಲ್ಲ. ಹೊರದೇಶದಿಂದ ಯಾರಾದರೂ ಬಂದಾಗ ಮಾತ್ರ ಅವರು ಬಿಳಿ ಕೋಟು ತೊಡುತ್ತಿದ್ದರು. ಅದು ವರ್ಷವಿಡೀ ಇಸ್ತ್ರಿಯಾಗಿ ಅವರ ಕೊಠಡಿಯ ಬಾಗಿಲ ಹಿಂದೆ ತೂಗಾಡುತ್ತಿತ್ತು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಆಶಾರಾಣಿ ಅದನ್ನು ನೋಡಿ ನಕ್ಕಿದ್ದಳು. ಆಮೇಲಾಮೇಲೆ ನಗು ಬರುವುದು ನಿಂತಿತು. ನಿರ್ದೇಶಕರು ಕನ್ನಡಿಯ ಮುಂದೆ ನಿಂತು ಕೋಟಿನ ಗುಂಡಿ ಹಾಕಿಕೊಳ್ಳುವುದನ್ನು ಕಂಡರೆ ಸಾಕು, ಕೆಟ್ಟ ಕಡಲೆಬೀಜ ಅಗಿದವಳ ಹಾಗೆ ಅವಳ ಬಾಯಿ ಕಹಿಯಾಗುತ್ತಿತ್ತು.

ಸಂಸ್ಥೆಯ ಹೆಗ್ಗಳಿಕೆಯೆಲ್ಲ ಒಂದು ಒಡಂಬಡಿಕೆಯ ಮೇಲೆ ನಿಂತಿತ್ತು. ಉತ್ತರ ಯುರೋಪಿನ ಹಳೆಯ ವಿಶ್ವವಿದ್ಯಾಲಯವೊಂದು ಡೆಂಗಿ ಜ್ವರಕ್ಕೆ ಹೊಸ ಲಸಿಕೆ ಹುಡುಕುವ ಕೆಲಸದಲ್ಲಿ ಇವರನ್ನು ಜೊತೆಗಾರರನ್ನಾಗಿ ಮಾಡಿಕೊಂಡಿತ್ತು. ಲಸಿಕೆ ಅವರದು, ಯಂತ್ರಗಳು ಅವರವು, ಹೆಸರೂ ಅವರದೇ. ನಮ್ಮವರ ಪಾಲಿಗೆ ಬಂದದ್ದು ಜ್ವರ. ಜ್ವರ ಎಲ್ಲಿ ಚೆನ್ನಾಗಿ ಸಿಗುತ್ತದೆ ಎಂದು ಹುಡುಕಿ, ಪೀಣ್ಯದ ಕಾರ್ಖಾನೆಗಳಿಗೆ ಅಂಟಿಕೊಂಡ ಲಗ್ಗೆರೆಯನ್ನು ಆರಿಸಿದ್ದರು. ಒತ್ತೊತ್ತಾಗಿ ಮನೆಗಳು, ದಿನ ಬಿಟ್ಟು ದಿನ ಬರುವ ನೀರು, ಅದಕ್ಕಾಗಿ ಮನೆಮನೆಯಲ್ಲೂ ಡ್ರಮ್ಮು, ನೆಲದೊಳಗಿನ ಸಂಪು. ಸೊಳ್ಳೆಗೆ ಇದಕ್ಕಿಂತ ಒಳ್ಳೆಯ ತವರು ಬೇಕೆ?

ಲಗ್ಗೆರೆ ಆಶಾರಾಣಿಗೂ ತಾಯಿಯ ತವರೇ. ಅವಳ ಸೋದರಮಾವ ಗೋಪಾಲಪ್ಪ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಮೂರಂತಸ್ತಿನ ವಠಾರ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದ. ಅಜ್ಜಿ ಚಿಕ್ಕಮುನಿಯಮ್ಮ ಮಗನ ಜೊತೆ ನೆಲಮಹಡಿಯಲ್ಲಿದ್ದಳು. ವೈರಸ್ಸುಗಳ ಮೇಲೆ ಪಿಎಚ್‌.ಡಿ. ಮಾಡಿದ್ದ ಆಶಾರಾಣಿಗೆ ಈ ಕೆಲಸ ಸಿಕ್ಕಿದ್ದು ಆ ಓದಿನಿಂದ ಎಂದು ಅವಳು ನಂಬಿದ್ದಳು. ಆಮೇಲೆ ಒಂದು ಸಭೆಯಲ್ಲಿ ಹರ್ಷವರ್ಧನ್, "ಶೀ ಈಸ್ ಅವರ್ ಲೋಕಲ್ ಫೇಸ್" ಎಂದು ಅವಳ ಬೆನ್ನು ತಟ್ಟಿದಾಗ ತನಗೆ ಕೆಲಸ ಏಕೆ ಸಿಕ್ಕಿತೆಂಬುದು ಅವಳಿಗೆ ತಿಳಿಯಿತು.

ಅವಳ ಮುಖ ನೋಡಿಯೇ ಜನ ರಕ್ತ ಕೊಟ್ಟರು. "ನಮ್ ಗೋಪಾಲಪ್ಪನ ಸೊಸೆ ಕಣ್ರಮ್ಮ, ನಮ್ಮುಡ್ಗಿ" ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ತೋಳು ಚಾಚಿದರು. ಬೇರೆ ಯಾರು ಹೋಗಿದ್ದರೂ ಬಾಗಿಲು ತೆರೆಯುತ್ತಿರಲಿಲ್ಲ.

ಮಳೆಗಾಲಕ್ಕೆ ಮುಂಚೆ ಆ ವಿಶ್ವವಿದ್ಯಾಲಯದ ತಂಡ ಲಗ್ಗೆರೆ ನೋಡಲು ಬಂತು. ಅವರ ಏಸಿ ಬಸ್ಸು ಗಲ್ಲಿಯೊಳಗೆ ತೂರಲಿಲ್ಲ. ಎಲ್ಲರೂ ಇಳಿದು ನಡೆದರು. ಎಲ್ಲರ ಮುಂಗೈಯಲ್ಲೂ ಸೊಳ್ಳೆ ಓಡಿಸುವ ಹಸಿರು ಪಟ್ಟಿ, ಎಲ್ಲರ ಮೈಯಿಂದಲೂ ನಿಂಬೆಹುಲ್ಲಿನ ವಾಸನೆ. ತಂಡದ ಮುಖ್ಯಸ್ಥೆ ಪ್ರೊಫೆಸರ್ ಮಾರ್ಗಿಟ್ ಎತ್ತರದ, ಬೆಳ್ಳಿಗೂದಲಿನ ಹೆಂಗಸು. ಕಂಡವರಿಗೆಲ್ಲ ಕೈಮುಗಿಯುತ್ತಿದ್ದಳು, ಗೋಡೆಗೆ ಒರಗಿಸಿಟ್ಟಿದ್ದ ಸ್ಕೂಟರಿಗೊಂದು ಮುಗಿಯಲಿಲ್ಲ. ಹರ್ಷವರ್ಧನ್ ಕರವಸ್ತ್ರದಿಂದ ಮೂಗು ಮುಚ್ಚಿಕೊಂಡೇ ಮುಗುಳ್ನಗುತ್ತಿದ್ದರು.

ಅವರ ಜೊತೆಗೆ ಬಂದಿದ್ದ ಕ್ಯಾಮೆರಾದವನು ಚಿಕ್ಕಮುನಿಯಮ್ಮನನ್ನು ಕಂಡದ್ದೇ ಹಿಗ್ಗಿದ. ಸುಕ್ಕುಮುಖ, ಮೂಗುಬೊಟ್ಟು, ಇನ್ನೇನು ಬೇಕು! ಅವಳನ್ನು ನೀಲಿ ಡ್ರಮ್ಮಿನ ಪಕ್ಕ ನೆಲದ ಮೇಲೆ ಕೂರುವಂತೆ ಕೇಳಿದ.

"ನಾನ್ಯಾಕಪ್ಪ ಡ್ರಮ್ ಪಕ್ಕ ಕುಂತ್ಕಳ್ಳಿ?" ಎಂದಳು ಅಜ್ಜಿ. "ಒಳ್ಗೆ ಸೋಪಾ ಐತೆ. ಪೋಟ ಬೇಕಾದ್ರೆ ಅಲ್ಲೇ ಇಡ್ಕೋ. ಇಲ್ದಿದ್ರೆ ನಡಿ, ನಂಗೆ ಸೀರಿಯಲ್ ಐತೆ."

ಮಾರ್ಗಿಟ್ ಕುತೂಹಲದಿಂದ ಹರ್ಷವರ್ಧನರ ಕಡೆ ತಿರುಗಿದಳು. ಅವರು ಇಂಗ್ಲಿಷಿನಲ್ಲಿ, "ತಮ್ಮ ಸಮುದಾಯವನ್ನು ಈ ಸಂಶೋಧನೆಗೆ ಆರಿಸಿದ್ದಕ್ಕೆ ಆಕೆಗೆ ಬಹಳ ಸಂತೋಷವಾಗಿದೆಯಂತೆ" ಎಂದರು.

ಮಾರ್ಗಿಟ್ ಎದೆಯ ಮೇಲೆ ಕೈಯಿಟ್ಟುಕೊಂಡು ಅಜ್ಜಿಗೆ ಬಗ್ಗಿ ವಂದಿಸಿದಳು. ಅಜ್ಜಿ ಆಶಾರಾಣಿಯನ್ನು ನೋಡಿ, "ಈವಮ್ಮಂಗೆ ಸೊಂಟ ನೋವೇನೆ?" ಎಂದು ಕೇಳಿದಳು.

ಹೊರಡುವ ಮುನ್ನ ವಠಾರದ ಹೆಂಗಸರನ್ನೆಲ್ಲ ಅಂಗಳದಲ್ಲಿ ಸೇರಿಸಿದರು. ಅವರ ರಕ್ತ ಎಷ್ಟು ಅಮೂಲ್ಯ, ಅದರಿಂದ ಲೋಕಕ್ಕೆಲ್ಲ ಎಂಥ ಉಪಕಾರ ಎಂದು ಮಾರ್ಗಿಟ್ ಭಾಷಣ ಮಾಡಿದಳು. ತಿಳಿದುಬಂದದ್ದನ್ನು ಮೊದಲು ನಿಮಗೇ ತಿಳಿಸುತ್ತೇವೆ ಎಂದೂ ಹೇಳಿದಳು. ಅದನ್ನು ಕನ್ನಡಕ್ಕೆ ತಿರುಗಿಸುವ ಕೆಲಸ ಆಶಾರಾಣಿಗೆ ಬಿತ್ತು. ಆ ಉದ್ದ ಭಾಷಣವನ್ನು ಅವಳು ಮೊಟಕು ಮಾಡಿದಳು: "ಏನ್ ಗೊತ್ತಾಗುತ್ತೋ ಅದನ್ನ ನಾನೇ ಬಂದು ಹೇಳ್ತೀನಿ."

ಹೆಂಗಸರು ತಲೆಯಾಡಿಸಿದರು. ಬೆಳ್ಳಿಗೂದಲಿನವಳ ಮಾತನ್ನು ಯಾರೂ ಕೇಳಿಸಿಕೊಂಡಿರಲಿಲ್ಲ. ಅವರು ನಂಬಿದ್ದು ಇವಳ ಮಾತನ್ನು.

ಮಳೆ ಹಿಡಿಯಿತು. ಜ್ವರ ಶುರುವಾಯಿತು. ಹಳೆಯ ರಕ್ತವನ್ನೂ ಹೊಸ ಜ್ವರದ ರಕ್ತವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದ ಆಶಾರಾಣಿ ನಂಬಲಾಗದೆ ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡಿಸಿದಳು. ಡೆಂಗಿಯಲ್ಲಿ ನಾಲ್ಕು ಬಗೆಯಿದೆ. ಲಗ್ಗೆರೆಯಲ್ಲಿ ಬಹಳ ಜನಕ್ಕೆ ಕೆಲವು ವರ್ಷಗಳ ಹಿಂದೆ ಒಂದನೇ ಬಗೆ ಬಂದು ಹೋಗಿತ್ತು. ಎಷ್ಟೋ ಜನಕ್ಕೆ ಅದು ಮಾಮೂಲಿ ಜ್ವರವೆಂದೇ ಅನ್ನಿಸಿತ್ತು. ಈಗ ಹಬ್ಬುತ್ತಿದ್ದದ್ದು ಎರಡನೇ ಬಗೆ. ಒಂದು ಬಗೆ ಬಂದವರಿಗೆ ಇನ್ನೊಂದು ಬಗೆ ತಗುಲಿದರೆ ಅಪಾಯ ಹೆಚ್ಚು. ಅಂಥವರಿಗೆ ಜ್ವರ ಬಿಟ್ಟ ಮೇಲೆಯೇ ಕಷ್ಟ. ಮೈ ತಣ್ಣಗಾಯಿತು, ವಾಸಿಯಾಯಿತು ಎಂದುಕೊಂಡು ಎದ್ದು ಓಡಾಡುವ ಹೊತ್ತಿಗೆ ಹೊಟ್ಟೆನೋವು, ವಾಂತಿ, ಆಮೇಲೆ ರಕ್ತದೊತ್ತಡ ಕುಸಿದು ಮನುಷ್ಯ ಕೈಬಿಟ್ಟು ಹೋಗಬಹುದು. ಅದು ಗೊತ್ತಿರುವ ಡಾಕ್ಟರು ಸಕಾಲದಲ್ಲಿ ಆಸ್ಪತ್ರೆಗೆ ಕಳಿಸುತ್ತಾನೆ, ಡ್ರಿಪ್ಪು ಹಾಕಿಸಿ ಉಳಿಸುತ್ತಾನೆ. ಗೊತ್ತಿಲ್ಲದವನು, "ಜ್ವರ ಬಿಟ್ಟಿದೆ, ನಾಳೆಯಿಂದ ಕೆಲಸಕ್ಕೆ ಹೋಗಪ್ಪ" ಎನ್ನುತ್ತಾನೆ.

ಅವಳು ನೇರ ನಿರ್ದೇಶಕರ ಕೊಠಡಿಗೆ ಹೋದಳು.

"ಸಾರ್, ಇದನ್ನ ಪಾಲಿಕೆ ಆರೋಗ್ಯಾಧಿಕಾರಿಗೂ ಲಗ್ಗೆರೆ ಡಾಕ್ಟರುಗಳಿಗೂ ಈ ವಾರವೇ ಹೇಳ್ಬೇಕು."

"ಆಶಾ, ಕಾಮ್ ಡೌನ್. ಡೇಟಾ ಇನ್ನೂ ಪ್ರಿಲಿಮಿನರಿ."

"ಮತ್ತೆ ಮತ್ತೆ ಮಾಡಿ ನೋಡಿದೀವಿ ಸಾರ್. ಜರ್ನಲ್‌ಗೆ ಕಳಿಸೋವಾಗ ಪ್ರಿಲಿಮಿನರಿ ಅಂತ ಬರೆದಿಲ್ವಲ್ಲ ನೀವು?"

ಹರ್ಷವರ್ಧನ್ ಕನ್ನಡಕ ತೆಗೆದು ಒರೆಸಿದರು. "ನೋಡಮ್ಮಾ, ಪೇಪರ್ ರಿವ್ಯೂನಲ್ಲಿದೆ. ಅಕ್ಟೋಬರ್‌ನಲ್ಲಿ ಅವರ ಕ್ಯಾಂಪಸ್‌ನಲ್ಲೇ ಜಾಯಿಂಟ್ ಅನೌನ್ಸ್‌ಮೆಂಟ್. ಅಲ್ಲಿವರೆಗೂ ಹೊರಗೆ ಹೋಗೋ ಹಾಗಿಲ್ಲ. ನಾನು ಮಾತು ಕೊಟ್ಟಿದೀನಿ."

"ಅಕ್ಟೋಬರ್ ಹೊತ್ತಿಗೆ ಸೀಸನ್ನೇ ಮುಗ್ದೋಗಿರುತ್ತೆ ಸಾರ್."

"ಎಕ್ಸಾಕ್ಟ್ಲಿ," ಎಂದರು ಹರ್ಷವರ್ಧನ್, ಅವಳಿಗೆ ಕೊನೆಗೂ ಅರ್ಥವಾಯಿತಲ್ಲ ಎಂಬ ಸಮಾಧಾನದಿಂದ. "ಆಗ ಪ್ಯಾನಿಕ್ ಕೂಡ ಇರಲ್ಲ."

ಆಶಾರಾಣಿ ಅವರ ಮುಖವನ್ನೇ ನೋಡಿದಳು. ತಮಾಷೆ ಮಾಡುತ್ತಿಲ್ಲ. ಈ ಮನುಷ್ಯ ಕೇಡಿಗನಾಗಿದ್ದರೆ ಎಷ್ಟೋ ವಾಸಿಯಿತ್ತು ಎನ್ನಿಸಿತು. ಕೇಡಿಗೆ ಸ್ವಲ್ಪವಾದರೂ ತಲೆ ಬೇಕು.

ವಾರದ ವಿಡಿಯೊ ಸಭೆಯಲ್ಲಿ ಅವಳು ಮಾರ್ಗಿಟ್ ಮುಂದೆಯೇ ಮಾತೆತ್ತಿದಳು. ಪರದೆಯ ಮೇಲಿನ ಬೆಳ್ಳಿಗೂದಲು ಸಹಾನುಭೂತಿಯಿಂದ ಅಲುಗಿತು. ನಿಮ್ಮ ಕಳಕಳಿ ನನಗೆ ಅರ್ಥವಾಗುತ್ತದೆ ಎಂದಳು. ಆದರೆ ಸ್ಥಳೀಯ ವಿಷಯವನ್ನು ಸ್ಥಳೀಯ ಮುಖ್ಯಸ್ಥರೇ ತೀರ್ಮಾನಿಸಬೇಕು, ದೂರದಲ್ಲಿ ಕುಳಿತು ಹೀಗೆ ಮಾಡಿ ಎಂದು ಅಪ್ಪಣೆ ಕೊಡಲು ನಾವು ಯಾರು, ಆ ಕಾಲ ಹೋಯಿತು ಎಂದಳು. ಹರ್ಷವರ್ಧನ್ ಧನ್ಯತೆಯಿಂದ ತಲೆಬಾಗಿದರು. ರಕ್ತವನ್ನು ವಿಮಾನದಲ್ಲಿ ತರಿಸಿಕೊಳ್ಳುವಾಗ ಇಲ್ಲದ ಸಂಕೋಚ ಇವಳಿಗೆ ಈಗ ಎಲ್ಲಿಂದ ಬಂತೋ ಎಂದುಕೊಳ್ಳುತ್ತಾ ಆಶಾರಾಣಿ ತನ್ನ ಮೈಕು ಆರಿಸಿದಳು.

ಆಮೇಲಿನ ದಿನಗಳಲ್ಲಿ ಅವಳು ಹರ್ಷವರ್ಧನರಿಗೂ ಮಾರ್ಗಿಟ್‌ಗೂ ಮೇಲ್ ಮೇಲೆ ಮೇಲ್ ಬರೆದಳು. ಉತ್ತರಗಳೆಲ್ಲ ಮರ್ಯಾದೆಯಿಂದ ಬಂದವು, ಒಂದರಲ್ಲೂ ಏನೂ ಇರಲಿಲ್ಲ.

ಬಾಲಾಜಿ ಸತ್ತದ್ದು ಆ ನಡುವೆ. ಅವನು ಗೋಪಾಲಪ್ಪನ ವಠಾರದ ಎರಡನೇ ಮಹಡಿಯಲ್ಲಿ ಬಾಡಿಗೆಗಿದ್ದ, ಪೀಣ್ಯದ ಒಂದು ಶೆಡ್ಡಿನಲ್ಲಿ ಲೇತ್ ಓಡಿಸುತ್ತಿದ್ದ. ಹೆಂಡತಿ ರಾಣಿ ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ಬಾಲಾಜಿಗೆ ಜ್ವರ ಬಂತು, ಬಿಟ್ಟಿತು. ರಜೆ ಹಾಕಿ ಹಾಕಿ ಸಾಕಾಗಿದ್ದವನು ಮೈ ತಣ್ಣಗಾದ ಬೆಳಿಗ್ಗೆಯೇ ಡಬ್ಬಿ ಕಟ್ಟಿಸಿಕೊಂಡು ಹೊರಟ. ಮಧ್ಯಾಹ್ನ ಹೊಟ್ಟೆ ಹಿಡಿದುಕೊಂಡು ಮಷೀನಿನ ಪಕ್ಕದಲ್ಲೇ ಕುಸಿದ. ಆಸ್ಪತ್ರೆಗೆ ಹೊತ್ತೊಯ್ದರು. ಮಾರನೆಯ ದಿನ ಮನೆಗೆ ಅವನ ಹೆಣ ಬಂತು.

ಸುದ್ದಿ ಕೇಳಿ ಆಶಾರಾಣಿ ಲಗ್ಗೆರೆಗೆ ಹೋದಳು. ಮೆಟ್ಟಿಲ ಮೇಲೆ ಚಪ್ಪಲಿಗಳ ರಾಶಿ. ಒಳಗೆ ರಾಣಿ ಗೋಡೆಗೊರಗಿ ಕುಳಿತಿದ್ದಳು. ಅತ್ತು ಅತ್ತು ಅವಳ ದನಿ ಒಡೆದಿತ್ತು. ಆಶಾರಾಣಿಯನ್ನು ಕಂಡು ಸ್ವಲ್ಪ ಸರಿದು ಜಾಗ ಮಾಡಿಕೊಟ್ಟಳು. ಆಮೇಲೆ ಕೇಳಿದಳು:

"ಅಕ್ಕ, ಅವತ್ತು ನಮ್ಮಿಬ್ರದ್ದೂ ರಕ್ತ ತಗೊಂಡೋದ್ರಲ್ಲ. ಅದ್ರಲ್ಲಿ ಏನ್ ಬಂತಕ್ಕ?"

ಆಪಾದನೆಯ ದನಿಯೇ ಅಲ್ಲ ಅದು. ಪಕ್ಕದ ಮನೆಯವರನ್ನು ಗ್ಯಾಸ್ ಬಂತಾ ಎಂದು ಕೇಳುವ ಹಾಗೆ ಕೇಳಿದ್ದಳು. ಏನು ಬಂದಿತ್ತೆಂದು ಆಶಾರಾಣಿಗೆ ಗೊತ್ತಿತ್ತು. ಬಾಲಾಜಿಯ ರಕ್ತದಲ್ಲಿ ಹಳೆಯ ಜ್ವರದ ಗುರುತು ಇದ್ದದ್ದು ಅವಳ ಕಂಪ್ಯೂಟರಿನಲ್ಲಿತ್ತು. ಅದನ್ನು ಹೇಳದೆ ರಾಣಿಯ ಕೈ ಹಿಡಿದುಕೊಂಡಳು. ಹರ್ಷವರ್ಧನರ ಮೇಲೆ ಇಷ್ಟು ದಿನ ಎರಚಿದ ತಿರಸ್ಕಾರವೆಲ್ಲ ಆ ಕೋಣೆಯಲ್ಲಿ ಅವಳ ಕಡೆಗೇ ತಿರುಗಿ ನಿಂತಿತು. ಆ ಮನುಷ್ಯನಿಗೆ ಬುದ್ಧಿಯಿಲ್ಲ, ಸರಿ. ನನಗೆ ಇತ್ತಲ್ಲ? ಮೇಲ್ ಬರೆದುಕೊಂಡು ಕೂತಿದ್ದೆನಲ್ಲ?

ಅಲ್ಲಿಂದ ಇಳಿದವಳು ಮುಖ್ಯರಸ್ತೆಯ ಡಾಕ್ಟರ್ ನರೇಶನ ಕ್ಲಿನಿಕ್ಕಿಗೆ ಹೋದಳು. ಲಗ್ಗೆರೆಯ ಅರ್ಧ ಜನ ಬರುತ್ತಿದ್ದದ್ದು ಅಲ್ಲಿಗೇ. ರೋಗಿಗಳು ಹೋಗುವವರೆಗೂ ಕಾದು, ಅವನ ಮುಂದೆ ಕುಳಿತು, ಎಲ್ಲವನ್ನೂ ಹೇಳಿದಳು. ಯಾರ ಹೆಸರನ್ನೂ ಎತ್ತಲಿಲ್ಲ. ಊರಲ್ಲಿ ಎರಡನೇ ಬಗೆ ಹರಡುತ್ತಿದೆ, ಇಲ್ಲಿಯವರಿಗೆ ಒಂದನೆಯದು ಬಂದು ಹೋಗಿದೆ, ಜ್ವರ ಬಿಟ್ಟವರನ್ನು ವಾಸಿಯಾಯಿತೆಂದು ಕಳಿಸಿಬಿಡಬೇಡಿ, ಇಷ್ಟೇ.

ನರೇಶ್ ಪೆನ್ನನ್ನು ಮೇಜಿನ ಮೇಲಿಟ್ಟ. "ಯಾವಾಗಿಂದ ಗೊತ್ತು ನಿಮ್ಗೆ?"

ಅವಳು ಹೇಳಿದಳು.

"ಬಾಲಾಜಿಗೆ ಕೆಲ್ಸಕ್ಕೆ ಹೋಗಪ್ಪ ಅಂದೋನು ನಾನು ಕಣ್ರೀ," ಎಂದ ನರೇಶ್. ದನಿ ಏರಲಿಲ್ಲ, ಅದೇ ಕೆಟ್ಟದಾಗಿತ್ತು. "ಮೈಕೈ ನೋವು ಅಂದ, ನೋವಿನ ಸೂಜಿ ಹಾಕ್ದೆ. ಡೆಂಗಿಲಿ ಹಾಕ್ಬಾರದಾಗಿತ್ತು ಆ ಸೂಜಿ, ರಕ್ತಸ್ರಾವ ಜಾಸ್ತಿ ಮಾಡತ್ತೆ. ನಂಗೂ ತಪ್ಪಿದೆ, ಇಲ್ಲ ಅನ್ನಲ್ಲ. ಆದ್ರೆ ನೀವು ಇಷ್ಟೆಲ್ಲಾ ಗೊತ್ತಿಟ್ಕೊಂಡು ಏನ್ ಮಾಡ್ತಿದ್ರಿ ಮೇಡಂ? ಪ್ರಬಂಧ ಬರೀತಿದ್ರಾ?"

"ಬೈಯ್ಯೋದು ಆಮೇಲೆ ಬೈಯ್ಯಿ. ಬೇರೆ ಡಾಕ್ಟರುಗಳನ್ನ ಕರೀತೀರಾ?"

ಅವನು ಫೋನು ಎತ್ತಿಕೊಂಡ. ಮರುದಿನ ಮಧ್ಯಾಹ್ನ ಲಗ್ಗೆರೆಯ ಡಾಕ್ಟರುಗಳು, ಔಷಧಿ ಅಂಗಡಿಯವರು, ಸರ್ಕಾರದ ಆಶಾ ಕಾರ್ಯಕರ್ತೆಯರು ಕ್ಲಿನಿಕ್ಕಿನ ಇಕ್ಕಟ್ಟಿನಲ್ಲಿ ಸೇರಿದರು. ಆರೋಗ್ಯಾಧಿಕಾರಿಗೂ ಆಶಾರಾಣಿ ಅದೇ ಬೆಳಿಗ್ಗೆ ಖುದ್ದಾಗಿ ಹೋಗಿ ತಿಳಿಸಿ ಬಂದಿದ್ದಳು. ಆತ ಹೆಚ್ಚು ಮಾತಾಡದೆ ಇಬ್ಬರು ಸಿಬ್ಬಂದಿಯನ್ನು ಕಳಿಸಿಕೊಟ್ಟಿದ್ದ.

ಉಳಿದದ್ದು ನೀರು. ಸೊಳ್ಳೆ ಹುಟ್ಟುವ ಜಾಗ. ಗೋಪಾಲಪ್ಪನ ವಠಾರದ ಸಂಪಿನ ಮುಚ್ಚಳ ಒಡೆದು ಎಷ್ಟೋ ಕಾಲವಾಗಿತ್ತು. ಅದರ ಮೇಲೊಂದು ತಗಡು ಹಾಕಿ ಕಲ್ಲಿಟ್ಟಿದ್ದ. ಪಾಲಿಕೆಯವರು ಬಂದಾಗ ಅವನು ಗೇಟಿಗೆ ಅಡ್ಡ ನಿಂತ.

"ಏನವ್ವಾ ಆಸಾ, ನಮ್ಮನೆ ಮುಂದೇನೇ ಬಂದ್ಯಾ? ಇಲ್ಲಿ ಸೊಳ್ಳೆ ಐತೆ ಅಂತ ಊರ್ಗೆಲ್ಲಾ ಗೊತ್ತಾದ್ರೆ ಮನೆ ಖಾಲಿ ಮಾಡ್ಕೊಂಡ್ ಓಗ್ತಾರೆ. ಸಂಪು ನಾಳೆ ನಾಡಿದ್ದು ನಾನೇ ಕ್ಲೀನ್ ಮಾಡಿಸ್ತೀನಿ. ಅಬ್ಬ ಕಳೀಲಿ."

"ಅಬ್ಬ ಕಳೀಲಿ ಅಂತ ನಮ್ ಡೈರೆಕ್ಟರೂ ಹೇಳಿದ್ರು ಮಾವ. ಅವ್ರ ಹಬ್ಬ ಬೇರೆ, ಅಷ್ಟೇ."

"ಯಾವನವ್ನು? ನನ್ನ ಯಾವನ್ಗೋ ಓಲಿಸ್ಬೇಡ."

"ಹೋಲಿಸ್ತೀನಿ. ಅವ್ರಿಗಾದ್ರೂ ಲಗ್ಗೆರೆ ದೂರ, ಇಲ್ಲಿ ಯಾರ ಹೆಣ ಬಿತ್ತು ಅಂತ ಗೊತ್ತಾಗಲ್ಲ. ನಿನ್ನ ಮೆಟ್ಟಿಲು ಇಳಿದು ಹೋಯ್ತಲ್ಲ ಬಾಲಾಜಿ ಹೆಣ. ಆಮೇಲೂ ಬಾಡಿಗೆ ಚಿಂತೆನಾ ನಿಂಗೆ? ಥೂ."

ಸೋದರಮಾವನಿಗೆ, ಅದೂ ಬೀದಿಯಲ್ಲಿ, ಥೂ ಅನ್ನುವುದೆಂದರೆ ಆ ಮನೆತನದಲ್ಲಿ ಸಣ್ಣ ಮಾತಲ್ಲ. ಗೋಪಾಲಪ್ಪನ ಮುಖ ಕಪ್ಪಿಟ್ಟಿತು. ಕೈ ಎತ್ತಿದನೋ ಏನೋ, ಅಷ್ಟರಲ್ಲಿ ಒಳಗಿನಿಂದ ಚಿಕ್ಕಮುನಿಯಮ್ಮ ಹೊಸ್ತಿಲಿಗೆ ಬಂದು, "ತಗಿಯೋ ತಗಡ್ನ. ಅದೇನೈತೋ ನಾನೂ ನೋಡ್ತೀನಿ" ಎಂದಳು.

ಗೋಪಾಲಪ್ಪ ಅಲುಗಲಿಲ್ಲ. ವಠಾರದ ಹೆಂಗಸರೇ ಕಲ್ಲು ಉರುಳಿಸಿ ತಗಡು ಎಳೆದರು. ಬಿಸಿಲು ಬಿದ್ದ ಕೂಡಲೇ ಸಂಪಿನ ನೀರಿಗೆಲ್ಲ ಜೀವ ಬಂದಂತಾಗಿ ಸೊಳ್ಳೆಮರಿಗಳ ಹಿಂಡು ಕೊಂಕುತ್ತಾ ಆಳಕ್ಕೆ ಓಡಿತು. ಬಗ್ಗಿ ನೋಡಿದ ಒಬ್ಬಳು ವಾಂತಿ ಮಾಡಿಕೊಂಡಳು. ಅದೇ ನೀರಲ್ಲಿ ಅವಳು ಬೆಳಿಗ್ಗೆ ಪಾತ್ರೆ ತೊಳೆದಿದ್ದಳು. ಗೋಪಾಲಪ್ಪ ಯಾರ ಮುಖವನ್ನೂ ನೋಡದೆ ಬೈಕು ಹತ್ತಿ ಹೋದ. ಆಮೇಲೆ ಅವನು ತಂಗಿಯ ಮಗಳ ಜೊತೆ ಮಾತು ಬಿಟ್ಟ.

ಸುದ್ದಿ ಎಲೆಕ್ಟ್ರಾನಿಕ್ ಸಿಟಿ ಮುಟ್ಟಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಹರ್ಷವರ್ಧನ್ ಕರೆಸಿದರು. ಬೆವರಿದ್ದರು.

"ನೀನು ಏನ್ ಮಾಡಿದೀಯಾ ಅಂತ ಗೊತ್ತಾ? ಇಂಟರ್‌ನ್ಯಾಷನಲ್ ಟ್ರಸ್ಟ್ ಮುರಿದಿದೀಯಾ. ಎರಡು ಇನ್‌ಸ್ಟಿಟ್ಯೂಷನ್ ನಡುವಿನ ನಂಬಿಕೆ!"

"ಲಗ್ಗೆರೆಯವ್ರೂ ನಂಬಿದ್ರು ಸಾರ್."

"ಅದು ಬೇರೆ!"

"ಹೌದು, ಬೇರೆ. ಅವ್ರು ರಕ್ತ ಕೊಟ್ಟಿದ್ರು. ನೀವು ಬರೀ ಸಹಿ ಹಾಕಿದ್ದು."

ಹರ್ಷವರ್ಧನ್ ಮೇಜು ಗುದ್ದಲು ಕೈ ಎತ್ತಿದರು. ಮೇಜಿನ ಮೇಲೆ ಗಾಜಿನ ಸ್ಮರಣಿಕೆಯಿದ್ದದ್ದು ನೋಡಿ ಮೆಲ್ಲಗೆ ಕೆಳಗಿಳಿಸಿದರು. "ನಾನೇನು ರಾಕ್ಷಸನಾ ಆಶಾ? ಆ ಹುಡುಗ ಸತ್ತಿದ್ದು ನಂಗೂ ಬೇಜಾರಾಗಿದೆ. ಅವನ ಹೆಸರು... ಏನದು..."

ಅವಳು ಹೇಳಿಕೊಡಲಿಲ್ಲ. ಅವರು ಹುಡುಕಾಡುವುದನ್ನು ನೋಡುತ್ತಾ ನಿಂತಳು. ಹೆಸರು ಸಿಗಲಿಲ್ಲ. ಗುರುತಿನ ಚೀಟಿಯನ್ನು ಕೊರಳಿನಿಂದ ತೆಗೆದು ಆ ಸ್ಮರಣಿಕೆಗೆ ತಗುಲಿಹಾಕಿ ಹೊರಗೆ ಬಂದಳು. ಕೆಲಸದಿಂದ ತೆಗೆದ ಪತ್ರ ಆಮೇಲೆ ಮನೆಗೆ ಬಂತು.

ಆ ಮಳೆಗಾಲ ಲಗ್ಗೆರೆಯಲ್ಲಿ ಜ್ವರ ಬಿದ್ದವರು ಬಹಳ. ನರೇಶ್ ಮತ್ತವನ ಜೊತೆಯವರು ಜ್ವರ ಬಿಟ್ಟವರನ್ನೂ ದಿನಾ ಕರೆಸಿ ಹೊಟ್ಟೆ ಒತ್ತಿ ನೋಡಿದರು, ಅನುಮಾನ ಬಂದವರನ್ನು ಆಟೊ ಹತ್ತಿಸಿ ಆಸ್ಪತ್ರೆಗೆ ಕಳಿಸಿದರು. ರಾಣಿಗೂ ಜ್ವರ ಬಂತು, ಮೂರನೇ ಮನೆಯ ಬಸಮ್ಮ ಅವಳನ್ನು ಹೊತ್ತಿಗೆ ಸರಿಯಾಗಿ ಕರೆದೊಯ್ದು ಸೇರಿಸಿದ್ದರಿಂದ ಉಳಿದಳು. ಕೊನೆಯ ಬೀದಿಯ ಮುದುಕನೊಬ್ಬ ಉಳಿಯಲಿಲ್ಲ. ಪಕ್ಕದ ಬಡಾವಣೆಗಳಿಗಿಂತ ಲಗ್ಗೆರೆಯಲ್ಲಿ ಸಾವು ಕಡಿಮೆ ಎಂದು ಪತ್ರಿಕೆಯೊಂದರಲ್ಲಿ ಸಣ್ಣ ಸುದ್ದಿ ಬಂತು.

ಆ ಸಣ್ಣ ಸುದ್ದಿಯನ್ನು ಹಿಡಿದು ಹರ್ಷವರ್ಧನ್ ಆಕಾಶಕ್ಕೇರಿದರು. ಅಕ್ಟೋಬರಿನಲ್ಲಿ ಆ ಕಡಲಾಚೆಯ ಸಭಾಂಗಣದಲ್ಲಿ, ಬಿಳಿ ಕೋಟು ತೊಟ್ಟು, ತಮ್ಮ ಸಹಯೋಗದ ಮುನ್ನೆಚ್ಚರಿಕೆಯಿಂದ ಒಂದು ಕಾರ್ಮಿಕ ಬಡಾವಣೆ ಹೇಗೆ ಉಳಿಯಿತೆಂದು ವಿವರಿಸಿದರು. ಎಲ್ಲರೂ ಎದ್ದುನಿಂತು ಚಪ್ಪಾಳೆ ಹೊಡೆದರು. ಅದರ ವಿಡಿಯೊವನ್ನು ನರೇಶ್ ಆಶಾರಾಣಿಗೆ ತೋರಿಸಿದ. ಬೈಯುತ್ತಾಳೆಂದು ಕಾದ. ಅವಳು ಪೂರ್ತಿ ನೋಡಿ ಫೋನು ಹಿಂದಕ್ಕೆ ಕೊಟ್ಟಳು.

"ಏನೂ ಅನ್ನಲ್ವಾ?"

"ಆ ಮನುಷ್ಯನಿಗೆ ಸುಳ್ಳು ಹೇಳ್ತಿದೀನಿ ಅಂತಾನೂ ಗೊತ್ತಿಲ್ಲ ನರೇಶ್. ನಿಜವಾಗ್ಲೂ ತಾನೇ ಮಾಡಿದ್ದು ಅನ್ಕೊಂಡಿದ್ದಾನೆ. ಅಂಥವನಿಗೆ ಬೈದು ನನ್ನ ಬಾಯಿ ಯಾಕೆ ಹೊಲಸು ಮಾಡ್ಕೊಳ್ಳಿ?"

ವಾರ ಕಳೆದ ಮೇಲೆ ಸಂಸ್ಥೆಯಿಂದ ಫೋನು ಬಂತು. ನಡೆದದ್ದು ನಡೆದುಹೋಯಿತು, ವೈಟ್‌ಫೀಲ್ಡಿನ ಹೋಟೆಲಿನಲ್ಲಿ ಸನ್ಮಾನವಿದೆ, ಬಂದು ಒಂದು ಫೋಟೊಗೆ ನಿಂತು ಹೋಗಿ, ಮತ್ತೆ ಕೆಲಸಕ್ಕೂ ತೆಗೆದುಕೊಳ್ಳಬಹುದು ಎಂದರು. ಅವಳು ಮಾತು ಮುಗಿಯುವವರೆಗೂ ಕೇಳಲಿಲ್ಲ.

ಆ ಸನ್ಮಾನಕ್ಕೆಂದು ಬಂದ ಮಾರ್ಗಿಟ್ ಒಬ್ಬಳೇ ಟ್ಯಾಕ್ಸಿ ಹಿಡಿದು ಲಗ್ಗೆರೆಗೆ ಬಂದಳು. ಕೈಯಲ್ಲಿ ಹಸಿರು ಪಟ್ಟಿಯಿರಲಿಲ್ಲ. ನರೇಶನ ಕ್ಲಿನಿಕ್ಕಿನ ಬೆಂಚಿನ ಮೇಲೆ ರೋಗಿಗಳ ಸಾಲಿನಲ್ಲಿ ಕುಳಿತು ಆಶಾರಾಣಿ ಬರುವವರೆಗೂ ಕಾದಳು. ಮಾರ್ಗಿಟ್ ಹೇಳಿದ್ದು ಇಷ್ಟು: ಇಲ್ಲಿಯ ಡಾಕ್ಟರುಗಳಿಗೆಲ್ಲ ಆಗಲೇ ತಿಳಿಸಿಯಾಗಿದೆ ಎಂದು ಹರ್ಷವರ್ಧನ್ ತನಗೆ ಬರೆದಿದ್ದರು. ನಂಬಿದೆ. ಅದು ಸುಳ್ಳೆಂದು ಈಗ ತಿಳಿಯಿತು. ಕ್ಷಮೆ ಕೇಳಲು ಬಂದಿದ್ದೇನೆ.

"ನನ್ನನ್ನು ಕೇಳಬಹುದಿತ್ತು," ಎಂದಳು ಆಶಾರಾಣಿ ಇಂಗ್ಲಿಷಿನಲ್ಲಿ. "ತಿಳಿಸಲಿಲ್ಲ ಎಂದು ನಾನೇ ಬರೆಯುತ್ತಿದ್ದೆ. ನಿಮಗೆ ಎರಡು ಉತ್ತರ ಬಂದಿದ್ದವು. ಅನುಕೂಲವಾದದ್ದನ್ನು ನಂಬಿದಿರಿ."

ಮಾರ್ಗಿಟ್ ವಾದ ಮಾಡಲಿಲ್ಲ. "ಹೌದು" ಎಂದಳು. ಆಮೇಲೆ, ಪ್ರಬಂಧದಲ್ಲಿ ಮೊದಲ ಹೆಸರು ನಿಮ್ಮದೇ ಹಾಕುತ್ತೇನೆ ಎಂದಳು.

ಆ ಕ್ಷಣದವರೆಗೂ ಆಶಾರಾಣಿಗೆ ಅವಳ ಮೇಲೆ ಸ್ವಲ್ಪ ಕರುಣೆ ಬರುವುದರಲ್ಲಿತ್ತು. ಅದು ಅಲ್ಲೇ ಒಣಗಿತು. "ನನಗೆ ಹೆಸರು ಬೇಡ. ರಕ್ತ ಕೊಟ್ಟವರಿಗೆ ಅವರವರ ಫಲಿತಾಂಶ ಕೊಡಿಸಿ. ಒಬ್ಬೊಬ್ಬರಿಗೂ. ಕನ್ನಡದಲ್ಲಿ."

ಮಾರ್ಗಿಟ್ ಮಾತು ಉಳಿಸಿಕೊಂಡಳು, ಮುಕ್ಕಾಲು ಪಾಲು. ಕೆಲವು ತಿಂಗಳ ಮೇಲೆ ಕ್ಲಿನಿಕ್ಕಿಗೆ ಪೆಟ್ಟಿಗೆಗಳು ಬಂದವು. ಎಲ್ಲ ಇಂಗ್ಲಿಷಿನಲ್ಲಿತ್ತು. ಆಶಾರಾಣಿಯೂ ನರೇಶನೂ ಭಾನುವಾರಗಳಲ್ಲಿ ಜನರನ್ನು ಕೂರಿಸಿಕೊಂಡು ಓದಿ ಹೇಳಿದರು.

ಈಗ ಅವಳು ಮಲ್ಲೇಶ್ವರದ ಕಡೆಯ ಕಾಲೇಜೊಂದರಲ್ಲಿ ಪಾಠ ಮಾಡುತ್ತಾಳೆ. ಬಿಡುವಿನಲ್ಲಿ ಪೀಣ್ಯದ ಶೆಡ್ಡುಗಳಿಗೆ ಹೋಗುತ್ತಾಳೆ. ಜ್ವರ ಬಂದವನನ್ನು, ಜ್ವರ ಬಿಟ್ಟವನನ್ನು ಕೂಡಲೇ ಮಷೀನಿಗೆ ನಿಲ್ಲಿಸಬೇಡಿ ಎಂದು ಮಾಲೀಕರಿಗೆ ಹೇಳುವುದು ಅವಳ ಕೆಲಸ. ಬಹಳ ಜನ ಕೇಳುವುದಿಲ್ಲ. ಕಾಫಿ ಕೊಟ್ಟು ಕಳಿಸುತ್ತಾರೆ.

ಮೊನ್ನೆ ಹೋದ ಶೆಡ್ಡಿನ ಮಾಲೀಕ ಕೊಟ್ರೇಶ್ ಕಾಫಿಯನ್ನೂ ಕೊಡಲಿಲ್ಲ. ಎಣ್ಣೆಗೈ ಒರೆಸಿಕೊಳ್ಳುತ್ತಾ ಲೇತಿನ ಸದ್ದಿನ ಮೇಲೆ ಕೂಗಿದ: "ಯಾವ ಕಂಪ್ನಿಯಿಂದ ಬಂದಿದೀರಾ ಮೇಡಂ? ಏನ್ ಮಾರ್ತೀರಾ?"

"ಏನೂ ಮಾರಲ್ಲ."

"ಮತ್ತೆ ಯಾರ್ ಕಳ್ಸಿದ್ದು?"

"ಯಾರೂ ಕಳಿಸಿಲ್ಲ. ಮಷೀನ್ ಸ್ವಲ್ಪ ನಿಲ್ಸಿ, ಹೇಳ್ತೀನಿ."

ಕೊಟ್ರೇಶ್ ಅವಳನ್ನು ಮೇಲಿಂದ ಕೆಳಗಿನವರೆಗೂ ನೋಡಿದ. ಹುಚ್ಚಿಯೋ ಎಂಬ ಅನುಮಾನ ಅವನ ಮುಖದಲ್ಲಿ ಸ್ಪಷ್ಟವಾಗಿತ್ತು. ಆಮೇಲೆ ತಿರುಗಿ, "ಏಯ್ ಲೋಕೇಶ, ಆಫ್ ಮಾಡೋ" ಎಂದ. ಆಶಾರಾಣಿ ಅಲ್ಲಿದ್ದ ಕಬ್ಬಿಣದ ಸ್ಟೂಲನ್ನು ಎಳೆದುಕೊಂಡು ಕುಳಿತಳು.